ರಾಜರ ಗೋರಿಗಳ ಊರಿಗೆ ಅಮ್ಮನ ಜೊತೆ ಒಂದು ಶನಿವಾರ

ರೋಸ್ಕಿಲ್ಡೆಗೆ ಹೋಗೋ ಪ್ಲಾನೇ ಇರ್ಲಿಲ್ಲ. ಶನಿವಾರ ಬೆಳಿಗ್ಗೆ ಕಾಫಿ ಕುಡೀತಾ ಕೂತಿದ್ವಿ, ಅಮ್ಮ ಕಿಟಕಿ ಪಕ್ಕ, ನಾನು ಒಗೆಯೋ ಬಟ್ಟೆ ಬುಟ್ಟಿ ಪಕ್ಕ, ಹನ್ನೊಂದಕ್ಕೆ ಬಿಲ್ಡಿಂಗ್‌ನ ವಾಷಿಂಗ್ ಮಷೀನ್ ರೂಮು ಬುಕ್ ಮಾಡಿದ್ದೆ, ಕೋಪನ್‌ಹೇಗನ್‌ನಲ್ಲಿ ನಮ್ಮಂಥ ಅಪಾರ್ಟ್‌ಮೆಂಟ್‌ಗಳಲ್ಲಿ ಬಟ್ಟೆ ಒಗೆಯೋಕೂ ಸ್ಲಾಟ್ ಹಿಡೀಬೇಕು. ನಾಲ್ಕು ದಿನದಿಂದ ಹಿಡ್ಕೊಂಡಿದ್ದ ಮಳೆ ಅವತ್ತು ಬಿಟ್ಟಿತ್ತು. ಅಮ್ಮ ಬಂದು ಐದು ವಾರ ಆಗಿತ್ತು, ನಾನು ಆಫೀಸಿಗೆ ಹೋದ್ಮೇಲೆ ಅವಳು ಆ ಕಿಟಕೀನೇ ಟಿವಿ ಥರ ನೋಡ್ಕೊಂಡು ಕೂತಿರ್ತಿದ್ಲು. ಅವಳಿಗೆ ಅಂತ ಕೊಡಿಸಿದ್ದ ಹೊಸ ಸ್ಪೀಕರ್‌ನ ಫೋನಿಗೆ ಕನೆಕ್ಟ್ ಮಾಡಿ ಸುಪ್ರಭಾತ ಹಾಕ್ತಾ ಇದ್ದೆ, ಆಗ ಕೇಳಿದ್ಲು, "ಅಲ್ವೇ, ಬ್ಲೂಟೂತ್ ಅಂದ್ರೆ ನೀಲಿ ಹಲ್ಲು ಅಂತ ತಾನೆ? ಯಾಕೆ ಹಾಗಂತಾರೆ?"

ನಾನು ಹೇಳ್ದೆ, ಅದು ಇಲ್ಲಿನ ರಾಜನ ಹೆಸರಮ್ಮ, ಸಾವಿರ ವರ್ಷದ ಹಿಂದೆ ಹೆರಾಲ್ಡ್ ಬ್ಲೂಟೂತ್ ಅಂತ ಇದ್ದ, ಚೂರು ಚೂರಾಗಿದ್ದ ಡೇನರನ್ನೆಲ್ಲ, ಅಂದ್ರೆ ಡೆನ್ಮಾರ್ಕಿನ ಜನರನ್ನ, ಒಂದು ಮಾಡ್ದ ಅಂತಾರೆ, 1997ರಲ್ಲಿ ಕಂಪ್ಯೂಟರ್ ಕಂಪನಿಯೋರು ಬೇರೆ ಬೇರೆ ಮಷೀನುಗಳನ್ನ ಒಂದು ಮಾಡೋ ಟೆಕ್ನಾಲಜಿಗೆ ಇವನ ಹೆಸರೇ ಇಟ್ರು, ಫೋನಲ್ಲಿ ಕಾಣೋ ಆ ಗುರುತಿದೆಯಲ್ಲ ಅದು ಅವನ ಹೆಸರಿನ ಎರಡು ಅಕ್ಷರಗಳನ್ನ ಹಳೇ ರೂನ್ ಲಿಪಿಯಲ್ಲಿ ಸೇರಿಸಿ ಬರ್ದಿರೋದು. ಅಮ್ಮ ಫೋನನ್ನ ಹತ್ರ ಹಿಡ್ಕೊಂಡು ಆ ಗುರುತನ್ನ ತುಂಬಾ ಹೊತ್ತು ನೋಡಿದ್ಲು. ಆಮೇಲೆ, "ಅವನ ಗೋರಿ ಎಲ್ಲಿದೆ?" ಅಂದ್ಲು.

ಅವನ ಗೋರಿ ಯಾರಿಗೂ ಸಿಕ್ಕಿಲ್ಲ, ಆದ್ರೆ ಅವನು ಕಟ್ಟಿಸಿದ ಮರದ ಚರ್ಚು ರೋಸ್ಕಿಲ್ಡೆಲಿತ್ತು ಅಂತಾರೆ, ಅದೇ ಜಾಗದಲ್ಲಿ ಈಗ ದೊಡ್ಡ ಕೆಥೆಡ್ರಲ್ ಇದೆ, ಡೆನ್ಮಾರ್ಕಿನ ರಾಜ ರಾಣಿಯರು ಸುಮಾರು ನಲವತ್ತು ಜನ ಅಲ್ಲೇ ಮಲಗಿದಾರೆ, ಟ್ರೇನಲ್ಲಿ ಅರ್ಧ ಗಂಟೆ ಅಷ್ಟೇ. ಹೀಗೆ ಸುಮ್ನೆ ಮಾಹಿತಿಗೆ ಹೇಳ್ದೆ. "ಅರ್ಧ ಗಂಟೆನಾ? ಮತ್ತೆ ನಡಿ" ಅಂತ ಎದ್ದೇ ಬಿಟ್ಲು. ಬಟ್ಟೆ ಬುಟ್ಟೀನ ಬಾತ್‌ರೂಮಿಗೆ ತಳ್ಳಿ, ಡಬ್ಬಿಗೆ ಅವಲಕ್ಕಿ ಒಗ್ಗರಣೆ ತುಂಬ್ಕೊಂಡು, ಹತ್ತೂಮುಕ್ಕಾಲಿಗೆಲ್ಲ ಸೆಂಟ್ರಲ್ ಸ್ಟೇಷನ್ನಲ್ಲಿ ಟ್ರೇನ್ ಹತ್ತಿದ್ವಿ. ಅಪ್ಪ ಹೋದ್ಮೇಲೆ ಅಮ್ಮ ಇಷ್ಟು ಬೇಗ ಯಾವ್ದಕ್ಕೂ ಎದ್ದು ಹೊರಟಿದ್ದು ನಾನು ನೋಡಿರ್ಲಿಲ್ಲ, ಅದಕ್ಕೇ ಚಾರ್ಜರ್, ಛತ್ರಿ ಅಂತ ಒಂದನ್ನೂ ಯೋಚಿಸ್ದೆ ಹಿಂದೇನೇ ಓಡಿದ್ದು.

ಈ ಕೋಪನ್‌ಹೇಗನ್–ರೋಸ್ಕಿಲ್ಡೆ ಲೈನು ಡೆನ್ಮಾರ್ಕಿನ ಮೊಟ್ಟಮೊದಲ ರೈಲು ಮಾರ್ಗ, 1847ರದ್ದು. ಸ್ಟೇಷನ್ನಿಂದ ಹೊರಗೆ ಬಂದ್ರೆ ಎದುರಿಗೇ ಮೂರು ದೈತ್ಯ ಗಾತ್ರದ ಹೂಜಿಗಳು, ಒಂದೊಂದೂ ಐದು ಮೀಟರ್ ಎತ್ತರ, ಊರಿಗೆ ಸಾವಿರ ವರ್ಷ ತುಂಬಿದ್ದಕ್ಕೆ 1998ರಲ್ಲಿ ಪೀಟರ್ ಬ್ರಾಂಡೆಸ್ ಅನ್ನೋ ಕಲಾವಿದ ಮಾಡಿದ್ದು. ಅಲ್ಲಿಂದ ಪೇಟೆ ಬೀದೀಲಿ ಹತ್ತು ನಿಮಿಷ ನಡೆದ್ರೆ ಚೌಕ ಸಿಗತ್ತೆ, ಚೌಕದ ಹಿಂದೆ ಕೆಂಪಗೆ ನಿಂತಿರತ್ತೆ ಕೆಥೆಡ್ರಲ್ಲು. ಎರಡು ಚೂಪು ಗೋಪುರ, ತಾಮ್ರ ಹೊದೆಸಿ ಹಸಿರು ತಿರುಗಿರೋವು, ಉಳಿದಿದ್ದೆಲ್ಲ ಇಟ್ಟಿಗೆ.

ಇಟ್ಟಿಗೆ ಬಗ್ಗೆ ಒಂದು ಮಾತು ಹೇಳ್ಲೇಬೇಕು. ಯುರೋಪಿನ ದೊಡ್ಡ ಚರ್ಚುಗಳು ಅಂದ್ರೆ ನಮ್ಮ ತಲೇಲಿ ಕಲ್ಲು ಕೆತ್ತನೆ ಬರತ್ತೆ. ಇಲ್ಲಿ ಅಷ್ಟು ಕಲ್ಲಿಲ್ಲ, ಮಣ್ಣಿದೆ. ಇಟ್ಟಿಗೆ ಸುಡೋ ವಿದ್ಯೆ ಡೆನ್ಮಾರ್ಕಿಗೆ ಬಂದಿದ್ದೇ ಹನ್ನೆರಡನೇ ಶತಮಾನದಲ್ಲಿ, ಬಂದು ಸ್ವಲ್ಪ ಕಾಲಕ್ಕೇ, 1170ರ ದಶಕದಲ್ಲಿ, ಅಬ್ಸಲೋನ್ ಅನ್ನೋ ಬಿಷಪ್ಪು ಇದನ್ನ ಶುರು ಮಾಡ್ಸಿದಾನೆ. ಅವರಿಗೆ ಅದು ಹೊಚ್ಚ ಹೊಸ ಕೆಲಸ, ಅದರಲ್ಲೇ ಇಷ್ಟು ದೊಡ್ಡದಕ್ಕೆ ಕೈ ಹಾಕಿದ್ದಾರೆ. ಯುನೆಸ್ಕೋ 1995ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದ್ದಕ್ಕೆ ಈ ಇಟ್ಟಿಗೇನೂ ಒಂದು ಕಾರಣ. ಅಮ್ಮ ಗೋಡೆ ಪಕ್ಕ ನಿಂತು ಒಂದು ಇಟ್ಟಿಗೆ ಮೇಲೆ ಅಂಗೈ ಇಟ್ಲು. ಬಿಸಿಲಿಗೆ ಬೆಚ್ಚಗಾಗಿತ್ತು.

ಒಳಗೆ ಹೋಗೋಷ್ಟರಲ್ಲಿ ಹನ್ನೆರಡಾಗೋಕೆ ಐದು ನಿಮಿಷ. ಟಿಕೆಟ್ ಕೊಟ್ಟ ಹೆಂಗಸು ಬೇರೆ ಏನೂ ಹೇಳ್ದೆ, ಮೊದಲು ಗಡಿಯಾರದ ಕೆಳಗೆ ಹೋಗಿ ನಿಂತ್ಕೊಳ್ಳಿ ಅಂದ್ರು. ಸುಮಾರು 1500ನೇ ಇಸವಿಯ ಗಡಿಯಾರ, ಗೋಡೆ ಮೇಲೆ ಎತ್ತರದಲ್ಲಿದೆ. ಕುದುರೆ ಮೇಲೆ ಸೇಂಟ್ ಜಾರ್ಜು, ಕಾಲ ಕೆಳಗೆ ಡ್ರ್ಯಾಗನ್ನು, ಪಕ್ಕದಲ್ಲಿ ಒಬ್ಬ ಗಂಡಸು ಒಬ್ಬ ಹೆಂಗಸಿನ ಗೊಂಬೆ. ಗಂಟೆ ಆದ ತಕ್ಷಣ ಕುದುರೆ ಅಲುಗಾಡ್ತು, ಅದರ ಕಾಲಡಿ ಇರೋ ಡ್ರ್ಯಾಗನ್ನು ಕೀಂಯ್ ಅಂತ ಕಿರುಚ್ತು, ನಿಜವಾಗ್ಲೂ ಕಿರುಚ್ತು, ಒಳಗೆ ತಿದಿ ಇಟ್ಟು ಕೊಳವೆಯಿಂದ ಗಾಳಿ ಬಿಡ್ತಾರಂತೆ. ಆ ಗಂಡಸಿನ ಗೊಂಬೆ ಪರ್ ಡೋವರ್, ಅವನು ದೊಡ್ಡ ಗಂಟೆ ಬಾರಿಸಿ ಎಷ್ಟು ಹೊತ್ತು ಅಂತ ಹೇಳೋನು, ಹೆಂಗಸು ಕಿರ್ಸ್ಟನ್ ಕೀಮರ್, ಕಾಲು ಕಾಲು ಗಂಟೆಗೆ ಸಣ್ಣ ಗಂಟೆ ಬಾರಿಸ್ತಾಳೆ. ಹನ್ನೆರಡು ಸಲ ಅವನು ಹೊಡೆಯೋವರೆಗೂ ಅಮ್ಮ ಕತ್ತು ಮೇಲೆತ್ಕೊಂಡೇ ನಿಂತಿದ್ಲು, ಬಾಯಲ್ಲಿ ಎಣಿಸ್ತಾ. ಪಕ್ಕದಲ್ಲಿದ್ದ ಒಂದು ಪುಟ್ಟ ಡ್ಯಾನಿಷ್ ಹುಡುಗೀನೂ ಎಣಿಸ್ತಿದ್ಲು, ಇಬ್ರೂ ಒಬ್ಬರ ಮುಖ ಒಬ್ಬರು ನೋಡ್ಕೊಂಡು ನಕ್ಕರು.

ಕೆಥೆಡ್ರಲ್ಲಿನ ಒಳಗಡೆ ಹೇಗಿದೆ ಅಂದ್ರೆ, ನಡುವೆ ಎತ್ತರದ ಉದ್ದನೆ ಹಜಾರ, ಎರಡೂ ಬದಿಗೆ ಕೋಣೆಗಳು. ಒಂದೊಂದು ಕಾಲದ ರಾಜಮನೆತನ ತನ್ನವರಿಗೆ ಜಾಗ ಸಾಲದೆ ಹೋದಾಗೆಲ್ಲ ಪಕ್ಕಕ್ಕೊಂದು ಚಾಪೆಲ್ ಸೇರಿಸ್ತಾ ಬಂದಿದೆ, ಅವಿಭಕ್ತ ಕುಟುಂಬದ ಮನೇಲಿ ಮಗನ ಮದುವೆ ಆದಾಗೆಲ್ಲ ಒಂದು ರೂಮು ಏರಿಸ್ತಾರಲ್ಲ ಹಾಗೆ. ಅದಕ್ಕೇ ಒಂದು ಬಾಗಿಲಲ್ಲಿ ಹೋದ್ರೆ ಚಿತ್ರ ತುಂಬಿದ ಗೋಡೆ, ಇನ್ನೊಂದರಲ್ಲಿ ಹೋದ್ರೆ ಬರೀ ಬಿಳಿ. ಧರ್ಮಸುಧಾರಣೆ ಆಗಿ ದೇಶ ಕ್ಯಾಥೊಲಿಕ್ ಪಂಥ ಬಿಟ್ಟು ಪ್ರೊಟೆಸ್ಟಂಟ್ ಆದಾಗಿಂದ ತೀರಿಹೋದ ಡೆನ್ಮಾರ್ಕಿನ ಎಲ್ಲಾ ದೊರೆಗಳೂ ಇಲ್ಲೇ ಇದಾರೆ.

ಮುಖ್ಯ ಪೂಜಾವೇದಿಕೆ ಹಿಂದೆ ಮೊದಲನೇ ಮಾರ್ಗ್ರೇಟೆ. ಬಿಳೀ ಅಲಬಾಸ್ಟರ್ ಕಲ್ಲಲ್ಲಿ ಮಲಗಿರೋ ಮೂರ್ತಿ, ಕೈ ಮುಗಿದಿದಾಳೆ, ಮುಖ ಚಿಕ್ಕ ಹುಡುಗಿದು ಅನ್ನಿಸೋಷ್ಟು ನಯ. ಹತ್ತನೇ ವಯಸ್ಸಿಗೆ ನಾರ್ವೆ ರಾಜನಿಗೆ ಮದುವೆ ಮಾಡಿ ಕೊಟ್ರು, ಒಬ್ಬನೇ ಮಗ ಓಲುಫ್, ಅವನ ಹೆಸರಲ್ಲಿ ರಾಜ್ಯ ನೋಡ್ಕೊಂಡ್ಲು, 1387ರಲ್ಲಿ ಹದಿನಾರು ವರ್ಷಕ್ಕೆ ಆ ಮಗ ತೀರಿಹೋದ. ಅಲ್ಲಿಗೆ ಇವಳ ಕಥೆ ಮುಗೀತು ಅಂತ ಎಲ್ರೂ ಅಂದ್ಕೊಂಡಿರ್ತಾರೆ. ಆದ್ರೆ ಅವಳು ಅಕ್ಕನ ಮೊಮ್ಮಗನನ್ನ ದತ್ತು ತಗೊಂಡ್ಲು, 1397ರಲ್ಲಿ ಕಾಲ್ಮಾರ್ ಅನ್ನೋ ಊರಲ್ಲಿ ಅವನಿಗೆ ಕಿರೀಟ ತೊಡಿಸಿ ಡೆನ್ಮಾರ್ಕ್, ನಾರ್ವೆ, ಸ್ವೀಡನ್ ಮೂರನ್ನೂ ಒಂದೇ ಛತ್ರದ ಕೆಳಗೆ ತಂದ್ಲು, ಹೆಸರಿಗೆ ಅವನು ರಾಜ, ಕೊನೇವರೆಗೂ ಆಳಿದ್ದು ಇವಳೇ. ಅವಳಿಗೆ ಡೇನರು ಕೊಟ್ಟ ಬಿರುದು ನಂಗೆ ಬಹಳ ಇಷ್ಟ, ರಾಣಿ ಅಂತಲ್ಲ, ಪೂರ್ಣಾಧಿಕಾರದ ಒಡತಿ, ಮನೆ ಯಜಮಾನ, ಇಡೀ ರಾಜ್ಯದ ಪೋಷಕಿ ಅಂತ. ಯಜಮಾನಿ ಅಲ್ಲ, ಯಜಮಾನ. 1412ರಲ್ಲಿ ಫ್ಲೆನ್ಸ್‌ಬರ್ಗ್ ಬಂದರಲ್ಲಿ ಹಡಗಿನ ಮೇಲೇ ಜೀವ ಹೋಯ್ತು. ಮೊದಲು ಹೂಳಿದ್ದು ಸೋರೋ ಅನ್ನೋ ಊರಲ್ಲಿ, ಅಪ್ಪ, ಮಗ ಇಬ್ರೂ ಇದ್ದ ಕಡೆ. ಮರುವರ್ಷ ರೋಸ್ಕಿಲ್ಡೆ ಬಿಷಪ್ಪು ಅವಳನ್ನ ಇಲ್ಲಿಗೆ ತಂದ.

"ಮಗನ ಪಕ್ಕದಿಂದ ಎಬ್ಬಿಸ್ಕೊಂಡು ಬಂದ್ರಾ?" ಅಮ್ಮ ಕೇಳಿದ್ದು ಅದೊಂದೇ. ಕಾಲ್ಮಾರ್ ಒಕ್ಕೂಟದ ಬಗ್ಗೆ ನಾನು ಕೊಟ್ಟ ಉಪನ್ಯಾಸ ಪೂರ್ತಿ ಬಿಟ್ಟು ಅದನ್ನ ಹಿಡ್ಕೊಂಡ್ಲು. ಆಮೇಲೆ ನಾವು ನೋಡಿದ ಪ್ರತಿ ಗೋರಿಗೂ ಅವಳದ್ದು ಒಂದೇ ಪ್ರಶ್ನೆ, ಪಕ್ಕದಲ್ಲಿ ಯಾರು. ಆ ಕಣ್ಣಲ್ಲಿ ನೋಡೋಕೆ ಶುರು ಮಾಡಿದ್ಮೇಲೆ ನಂಗೂ ಆ ಜಾಗ ಬೇರೇನೇ ಕಾಣಿಸ್ತು.

ಪೂಜಾವೇದಿಕೆ ಸುತ್ತ ಇರೋ ಕಂಬಗಳ ಒಳಗೂ ಜನ ಇದಾರೆ! ಒಂದು ಕಂಬದೊಳಗೆ ಹನ್ನೊಂದನೇ ಶತಮಾನದ ರಾಜ ಸ್ವೆನ್ ಎಸ್ಟ್ರಿಡ್‌ಸನ್. ಇನ್ನೊಂದು ಕಂಬದಲ್ಲಿ ಇರೋದು ಅವನ ತಾಯಿ ಎಸ್ಟ್ರಿಡ್ ಅಂತ ನೂರಾರು ವರ್ಷ ನಂಬ್ಕೊಂಡು ಬಂದ್ರು, ಕಂಬದ ಮೇಲೆ ಹೆಸರೂ ಬರ್ಸಿದಾರೆ. ಈ ಶತಮಾನದ ಶುರುವಲ್ಲಿ ಇಬ್ಬರ ಹಲ್ಲಿಂದ ಡಿಎನ್ಎ ತೆಗೆದು ನೋಡಿದ್ರೆ ಆಕೆ ಅವನ ತಾಯಿ ಆಗಿರೋಕೆ ಸಾಧ್ಯಾನೇ ಇಲ್ಲ ಅಂತ ಗೊತ್ತಾಯ್ತು, ಮೂಳೆ ನೋಡಿದ್ರೂ ವಯಸ್ಸು ತಾಳೆ ಆಗಲ್ಲ, ಯಾರೋ ಇನ್ನೊಬ್ಬ ಚಿಕ್ಕ ವಯಸ್ಸಿನ ಹೆಂಗಸು. ಅಮ್ಮನಿಗೆ ಇದು ತುಂಬಾ ಬೇಜಾರಾಯ್ತು. ಆ ಇನ್ನೊಬ್ಬಳಿಗೆ ಅವಳ ಮನೆಯವರು ಎಲ್ಲೋ, ಇವಳು ಇಲ್ಲಿ ಯಾರ ತಾಯಿಯಾಗಿಯೋ ಇದ್ದುಬಿಟ್ಲಲ್ಲ ಅಂತ.

ಮೂರು ಜ್ಞಾನಿಗಳ ಚಾಪೆಲ್ಲಲ್ಲಿ ನಡುವೆ ಒಂದು ಗ್ರಾನೈಟ್ ಕಂಬ ಇದೆ, ಅದಕ್ಕೆ ರಾಜರ ಕಂಬ ಅಂತಾನೇ ಹೆಸರು. ಇಲ್ಲಿಗೆ ಬಂದ ರಾಜರುಗಳ ಎತ್ತರ ಅದರ ಮೇಲೆ ಗೀಚಿ ಗುರುತು ಮಾಡಿದಾರೆ, ಮಕ್ಕಳ ಎತ್ತರಾನ ನಾವು ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲ್ಲಲ್ಲಿ ಬರೀತೀವಲ್ಲ, ಥೇಟ್ ಹಾಗೇ. ರಷ್ಯಾದ ಪೀಟರ್ ದಿ ಗ್ರೇಟ್ 1716ರಲ್ಲಿ ಬಂದಿದ್ದನಲ್ಲ, ಅವನ ಗೆರೆ 208 ಸೆಂಟಿಮೀಟರಿಗಿದೆ. ಈ ಚಾಪೆಲ್ ಕಟ್ಟಿಸಿದ ಒಂದನೇ ಕ್ರಿಶ್ಚಿಯನ್ನಂದು ಅದಕ್ಕೂ ಮೇಲೆ, 219 ಚಿಲ್ಲರೆ! ಅವನ ಅಸ್ಥಿ ಅಳೆದು ನೋಡಿದ್ರೆ 188 ಅಂತೆ. ಅದೂ ಒಳ್ಳೇ ಎತ್ತರವೇ. ಅಮ್ಮ ಕಂಬಕ್ಕೆ ತಾಗದೇ ಪಕ್ಕದಲ್ಲಿ ನೆಟ್ಟಗೆ ನಿಂತು, "ಫೋಟೋ ತೆಗಿ" ಅಂದ್ಲು. ಐದಡಿ ಅಮ್ಮ, ಕಾಟನ್ ಸೀರೆ ಮೇಲೆ ನನ್ನ ನೀಲಿ ಜಾಕೆಟ್ಟು, ತಲೆ ಮೇಲೆ ರಾಜರ ಗೆರೆಗಳೆಲ್ಲ. ಆ ಫೋಟೋ ಈಗ ನನ್ನ ಫೋನಿನ ವಾಲ್‌ಪೇಪರ್ರು.

ನಾಲ್ಕನೇ ಕ್ರಿಶ್ಚಿಯನ್‌ನ ಚಾಪೆಲ್ಲಲ್ಲಿ ನಾವು ಬಹಳ ಹೊತ್ತು ಕೂತ್ವಿ. 1588ರಿಂದ 1648ರವರೆಗೆ ರಾಜ. ಹಿಂದಿನ ವಾರ ನಾವು ಹತ್ತಿದ್ವಲ್ಲ, ಕೋಪನ್‌ಹೇಗನ್ನಿನ ರೌಂಡ್ ಟವರ್ರು, ಅದು ಇವನು ಕಟ್ಟಿಸಿದ್ದೇ, ಈ ಕೆಥೆಡ್ರಲ್ಲಿನ ಆ ಎರಡು ಚೂಪು ಗೋಪುರಾನೂ ಇವನದ್ದೇ. ಯುದ್ಧ ಮಾಡಿ ಮಾಡಿ ಬೊಕ್ಕಸ ಖಾಲಿ ಆಗಿ ಈ ಚಾಪೆಲ್ ಮಾತ್ರ ಎರಡು ಶತಮಾನ ಬೋಳಾಗೇ ಇತ್ತಂತೆ, ಗೋಡೆ ಮೇಲಿನ ಚಿತ್ರ ಹತ್ತೊಂಬತ್ತನೇ ಶತಮಾನದಲ್ಲಿ ಮಾರ್ಸ್ಟ್ರಾಂಡ್ ಅನ್ನೋ ಕಲಾವಿದ ಬರೆದಿದ್ದು, 1644ರ ಸಮುದ್ರ ಯುದ್ಧದಲ್ಲಿ ಹಡಗಿನ ಮೇಲೆ ಏಟು ತಿಂದು ಒಂದು ಕಣ್ಣು ಕಳ್ಕೊಂಡೂ ನಿಂತಿರೋ ಅರವತ್ತೇಳು ವರ್ಷದ ಮುದುಕ. ನಂಗೆ ಇವನ ಬಗ್ಗೆ ಆಸಕ್ತಿ ಬೇರೆ ಕಾರಣಕ್ಕೆ. 1616ರಲ್ಲಿ ಡ್ಯಾನಿಷ್ ಈಸ್ಟ್ ಇಂಡಿಯಾ ಕಂಪನಿ ಶುರು ಮಾಡ್ಸಿದ್ದು ಇವನ ಕಾಲದಲ್ಲೇ, 1620ರಲ್ಲಿ ತಂಜಾವೂರಿನ ರಘುನಾಥ ನಾಯಕನ ಜೊತೆ ಒಪ್ಪಂದ ಮಾಡ್ಕೊಂಡು ತರಂಗಂಬಾಡಿ ಪಡೆದ್ರು, ಅಲ್ಲಿ ಡಾನ್ಸ್‌ಬೋರ್ಗ್ ಕೋಟೆ ಈಗಲೂ ಸಮುದ್ರದ ದಂಡೇಲಿ ನಿಂತಿದೆ, 1845ರಲ್ಲಿ ಬ್ರಿಟಿಷರಿಗೆ ಮಾರೋವರೆಗೂ ಅದು ಡೆನ್ಮಾರ್ಕಿನದ್ದೇ. ಅಪ್ಪ ಅಮ್ಮ ಇಬ್ರೂ ಒಂದ್ಸಲ ನವಗ್ರಹ ದೇವಸ್ಥಾನಗಳ ಟೂರಿಗೆ ಹೋದಾಗ ಆ ಕೋಟೆ ನೋಡಿದ್ರು. "ಅಲ್ಲಿ ನಿಮ್ಮಪ್ಪ ಕೋಟೆ ಮುಂದೆ ಕಡಲೆಕಾಯಿ ತಿಂತಾ ಕೂತಿದ್ರು, ಇದ್ಯಾಕೆ ಹೀಗೆ ಹಳದಿ ಬಣ್ಣ ಬಳ್ದಿದಾರೆ ಅಂತ ಕೇಳ್ತಿದ್ರು" ಅಂದ್ಲು. ಅದನ್ನ ಕಟ್ಟಿಸಿದ ರಾಜನ ಪೆಟ್ಟಿಗೆ ಎರಡು ಮಾರು ದೂರದಲ್ಲಿ, ಕಪ್ಪು ಬಟ್ಟೆ, ಬೆಳ್ಳಿ ಅಲಂಕಾರ. ಎರಡು ವರ್ಷದಲ್ಲಿ ಅಮ್ಮ ತಾನಾಗೇ ಅಪ್ಪನ ವಿಷಯ ಎತ್ತಿದ್ದು ಅದೇ ಮೊದಲು. ನಾನು ಅಲುಗಾಡ್ಲಿಲ್ಲ, ಮಾತು ಎಲ್ಲಿ ನಿಂತು ಹೋಗತ್ತೋ ಅಂತ.

ಒಂಬತ್ತನೇ ಕ್ರಿಶ್ಚಿಯನ್‌ನ ಗೋರಿ ಹತ್ರ ಶೋಕದಲ್ಲಿ ಕೂತ ಮೂರು ಮೂರ್ತಿ ಇದಾವೆ, ಮಾಡ್ದೋನು ಎಡ್ವರ್ಡ್ ಎರಿಕ್ಸನ್, ಕೋಪನ್‌ಹೇಗನ್ನಲ್ಲಿ ಎಲ್ಲಾ ಟೂರಿಸ್ಟುಗಳೂ ಫೋಟೋ ತೆಗೆಯೋ ಲಿಟಲ್ ಮರ್ಮೇಡ್ ಅನ್ನೋ ಮತ್ಸ್ಯಕನ್ಯೆ ಮೂರ್ತಿಯ ಶಿಲ್ಪಿ. ಈ ರಾಜನ ಮಗಳು ಡಾಗ್ಮಾರ್ 1866ರಲ್ಲಿ ರಷ್ಯಾಕ್ಕೆ ಮದುವೆಯಾಗಿ ಹೋದ್ಲು, ಸಾಮ್ರಾಜ್ಞಿ ಆದ್ಲು, ಗಂಡ ಸತ್ತ, ಕ್ರಾಂತೀಲಿ ಮಗ ನಿಕೋಲಸ್‌ನ ಇಡೀ ಸಂಸಾರಾನೇ ಕೊಂದು ಹಾಕಿದ್ರು, ಇವಳು ತವರಿಗೆ ವಾಪಸ್ ಬಂದು 1928ರಲ್ಲಿ ತೀರಿಕೊಂಡ್ಲು. ಇಲ್ಲೇ ಇಟ್ಟಿದ್ರು. ಅವಳಿಗೆ ಇದ್ದ ಆಸೆ ಗಂಡನ ಪಕ್ಕ ಮಲಗೋದು. ಅದು ನೆರವೇರಿದ್ದು 2006ರಲ್ಲಿ, ಪೆಟ್ಟಿಗೇನ ಹಡಗಲ್ಲಿ ಸೇಂಟ್ ಪೀಟರ್ಸ್‌ಬರ್ಗಿಗೆ ಕಳ್ಸಿದ್ರು. "ಎಪ್ಪತ್ತೆಂಟು ವರ್ಷ ಕಾದ್ಲು" ಅಂದ್ಲು ಅಮ್ಮ, ಬೆರಳಲ್ಲಿ ಲೆಕ್ಕ ಹಾಕಿ.

ಅದಕ್ಕೆ ತದ್ವಿರುದ್ಧ ಇನ್ನೊಂದು ಇದೆ ಇಲ್ಲಿ. ಎರಡನೇ ಮಾರ್ಗ್ರೇಟೆ, 2024ರ ಜನವರೀಲಿ ಮಗನಿಗೆ ಸಿಂಹಾಸನ ಬಿಟ್ಟುಕೊಟ್ಟ ರಾಣಿ, ತನ್ನ ಸಮಾಧೀನ ತಾನೇ ಮಾಡಿಸಿಟ್ಟಿದಾಳೆ. ಬ್ಯೋರ್ನ್ ನೋರ್‌ಗೋರ್ ಅನ್ನೋ ಕಲಾವಿದನ ಕೆಲಸ, ಗಾಜಿನ ಪೆಟ್ಟಿಗೆ, ಕೆಳಗೆ ಮೂರು ಕಂಬಕ್ಕೆ ಬೆಳ್ಳಿಯ ಆನೆ ತಲೆಗಳು. ನಿಜವಾದದ್ದನ್ನ ಆ ದಿನ ಬರೋವರೆಗೂ ಮುಚ್ಚಿಟ್ಟಿದಾರೆ, ನೋಡೋರಿಗೆ ಒಂದು ಮಾಡೆಲ್ ಇದೆ. ಗಂಡ ಹೆನ್ರಿಕ್‌ಗೂ ಅಲ್ಲೇ ಜಾಗ ಅಂತ ಇತ್ತು. 2017ರಲ್ಲಿ ಅವನು ನಾನು ಅಲ್ಲಿ ಮಲಗಲ್ಲ ಅಂತ ಬಹಿರಂಗವಾಗಿ ಹೇಳ್ಬಿಟ್ಟ, ಬದುಕಿದ್ದಾಗ ನಂಗೆ ರಾಜ ಅನ್ನೋ ಸಮಾನ ಪದವಿ ಕೊಡ್ಲಿಲ್ಲವಲ್ಲ ಅಂತ. 2018ರಲ್ಲಿ ತೀರಿಕೊಂಡ. ಬೂದಿ ಅರ್ಧ ಡೆನ್ಮಾರ್ಕಿನ ಸಮುದ್ರದಲ್ಲಿ ಬಿಟ್ರು, ಅರ್ಧ ಅರಮನೆ ತೋಟದಲ್ಲಿ.

ಅಮ್ಮ ಬದುಕಿರೋ ರಾಣಿಯ ಸಮಾಧಿ ಅಂದ ತಕ್ಷಣ "ಬಿಡ್ತು ಅನ್ನು" ಅಂದಿದ್ಲು. ಆಮೇಲೆ ಆ ಮಾಡೆಲ್ ಸುತ್ತ ಒಂದು ಪ್ರದಕ್ಷಿಣೆ ಬಂದು, ಗೋಲ್ ಗುಂಬಜ್ಜೂ ಹೀಗೇ ತಾನೆ, ಆದಿಲ್‌ಶಾ ಇರೋವಾಗ್ಲೇ ಕಟ್ಟಿಸಿದ್ದಲ್ವಾ ಅಂದ್ಲು. ಹೌದು, ಮುಹಮ್ಮದ್ ಆದಿಲ್‌ಶಾ ಸತ್ತಿದ್ದು 1656ರಲ್ಲಿ, ನಾವು ಆಗ ತಾನೇ ನೋಡಿ ಬಂದ ಕ್ರಿಶ್ಚಿಯನ್‌ಗಿಂತ ಎಂಟು ವರ್ಷ ಆಮೇಲೆ. ಸ್ಕೂಲ್ ಟ್ರಿಪ್ಪಲ್ಲಿ ಆ ಗುಂಬಜಲ್ಲಿ ಕೂಗಿದ್ದು ಏಳು ಸಲ ವಾಪಸ್ ಕೇಳಿಸಿದ್ದು ಅವಳಿಗೆ ನೆನಪಿತ್ತು.

ಹೊರಗೆ ವಾಯವ್ಯದ ಮೂಲೇಲಿ ಈ ರಾಣಿಯ ಅಪ್ಪ ಒಂಬತ್ತನೇ ಫ್ರೆಡೆರಿಕ್ ಮಲಗಿದಾನೆ. ಒಳಗಿರೋ ಯಾವ ವೈಭವಾನೂ ಇಲ್ಲ, ಎಂಟು ಮೂಲೆಯ ಇಟ್ಟಿಗೆ ಕಟ್ಟೆ, ಮೇಲೆ ಆಕಾಶ. ಸಮುದ್ರ ಅಂದ್ರೆ ಪ್ರಾಣ ಅವನಿಗೆ, ಅದಕ್ಕೇ ಫ್ಯೋರ್ಡಿನ, ಅಂದ್ರೆ ನೆಲದೊಳಕ್ಕೆ ಚಾಚಿರೋ ಸಮುದ್ರದ ತೋಳಿನ, ಗಾಳಿ ಬರೋ ಜಾಗ. ನಂಗೆ ಇಡೀ ರೋಸ್ಕಿಲ್ಡೆಲಿ ಅತ್ಯಂತ ಇಷ್ಟವಾಗಿದ್ದು ಇದೇ.

ಅಲ್ಲಿಂದ ಪಾರ್ಕಿನ ಇಳಿಜಾರಲ್ಲಿ ಇಳಿದು ಹುಲ್ಲಿನ ಮೇಲೆ ಡಬ್ಬಿ ಬಿಚ್ಚಿದ್ವಿ. ಎದುರಿಗೆ ಫ್ಯೋರ್ಡು. ಅವಲಕ್ಕಿ ತಣ್ಣಗಾಗಿತ್ತು, ಕಾಯಿತುರಿ ಇಲ್ದೆ ಇದ್ರೂ ಚೆನ್ನಾಗೇ ಇತ್ತು. ಅಮ್ಮ ತಿಂತಾ ತಿಂತಾ ನೀರು ನೋಡ್ಕೊಂಡೇ ಹೇಳಿದ್ಲು, "ನಿಮ್ಮಪ್ಪನ ಅಸ್ಥಿ ಬಿಡೋಕೆ ಪಶ್ಚಿಮವಾಹಿನಿಗೆ ಹೋದ್ರಲ್ಲ, ನನ್ನ ಕರ್ಕೊಂಡು ಹೋಗ್ಲೇ ಇಲ್ಲ ಕಣೇ. ಹೆಂಗಸರು ಬೇಡ ಅಂದ್ರು. ನಾನು ಮನೆ ಬಾಗಿಲಲ್ಲಿ ನಿಂತಿದ್ದೆ, ಕಾರು ಹೋಯ್ತು."

ನಂಗೆ ಇದು ಗೊತ್ತೇ ಇರ್ಲಿಲ್ಲ. ನಾನು ಫ್ಲೈಟ್ ಹಿಡಿದು ಮನೆ ಮುಟ್ಟೋವಾಗ ಅಸ್ಥಿ ಬಿಟ್ಟು ಎಲ್ರೂ ವಾಪಸ್ ಬಂದಿದ್ರು, ಅಮ್ಮ ಹೋಗಿರ್ತಾಳೆ ಅಂತಾನೇ ಅಂದ್ಕೊಂಡಿದ್ದೆ. ಎರಡು ವರ್ಷದಿಂದ ಅವಳು ಸುಮ್ನಿರೋದಕ್ಕೆ ದುಃಖ ಒಂದೇ ಕಾರಣ ಅಂತ ಅಂದ್ಕೊಂಡಿದ್ನಲ್ಲ, ಅದರ ಕೆಳಗೆ ಈ ನೋವು ಕೂತಿತ್ತು. ನಲವತ್ತೊಂದು ವರ್ಷ ಜೊತೇಲಿದ್ದೋಳಿಗೆ ಕೊನೇ ನೀರಿನ ಹತ್ರ ನಿಲ್ಲೋಕೆ ಬಿಡ್ಲಿಲ್ಲ. ನಂಗೆ ಸಿಟ್ಟು ಬಂತು, ಅಳೂನೂ ಬಂತು, ಯಾರು ಬೇಡ ಅಂದಿದ್ದು ಅಂತ ಕೇಳ್ದೆ. "ಯಾರೋ ಅಂದ್ರು ಬಿಡು. ಆ ರಾಣಿ ಗಂಡ ಬೇಡ ಅಂದ್ರೆ ಬೇಡ ಅಂದ, ರಷ್ಯಾದೋಳು ಬೇಕು ಅಂತ ಕಾದ್ಲು. ನಾನು ಬಾಯೇ ಬಿಡ್ಲಿಲ್ಲ ನೋಡು" ಅಂದ್ಲು.

ಸ್ವಲ್ಪ ಹೊತ್ತು ಬಿಟ್ಟು, "ನಂದಾದಾಗ ನೀನೇ ಬಾ, ನೀನೇ ನಿನ್ನ ಕೈಯಾರೆ ಬಿಡು. ಅದೇ ಜಾಗದಲ್ಲಿ. ಯಾರು ಬೇಡ ಅಂದ್ರೂ ಕೇಳ್ಬೇಡ."

"ಬಿಡ್ತು ಅನ್ನಮ್ಮ."

"ಆ ರಾಣಿ ಮಾಡಿಸಿಟ್ಟಿಲ್ವಾ? ಮಾತಿಗೆ ಹೇಳಿದ್ರೆ ಏನಾಗತ್ತೆ. ಆಯ್ತು ಅನ್ನು ಮೊದ್ಲು."

ಆಯ್ತು ಅಂದೆ. ಡಬ್ಬೀಲಿ ಉಳಿದಿದ್ದ ಕಡಲೆಕಾಯಿ ಬೀಜಗಳನ್ನೆಲ್ಲ ನನ್ನ ಕಡೆ ತಳ್ಳಿ ಕೈ ತೊಳ್ಕೊಂಡ್ಲು. ಊರಿಗೆ ಡಿಸೆಂಬರಲ್ಲಿ ಹೋದಾಗ ಇಬ್ರೂ ಪಶ್ಚಿಮವಾಹಿನಿಗೆ ಹೋಗಿ ಬರೋಣ ಅಂತ ಅಲ್ಲೇ ಮಾತಾಯ್ತು, ಟಿಕೆಟ್ಟೂ ಈಗ ಬುಕ್ ಮಾಡಿದೀನಿ.

ನೀರಿನ ದಡದಲ್ಲಿ ವೈಕಿಂಗ್ ಹಡಗುಗಳ ಮ್ಯೂಸಿಯಂ ಇದೆ, 1962ರಲ್ಲಿ ಫ್ಯೋರ್ಡಿನ ತಳದಿಂದ ಎತ್ತಿದ ಐದು ಹಡಗು, ಶತ್ರುಗಳು ಊರಿಗೆ ನುಗ್ಗದ ಹಾಗೆ ತಡೆಯೋಕೆ 1070ರ ಹೊತ್ತಲ್ಲಿ ಬೇಕು ಅಂತಾನೇ ಮುಳುಗಿಸಿದ್ದು. ನೋಡಿದ್ವಿ, ಚೆನ್ನಾಗಿದೆ, ಆದ್ರೆ ಆ ಹೊತ್ತಿಗೆ ಕಾಲು ಸೋತಿತ್ತು, ಅದಕ್ಕೆ ಇನ್ನೊಂದು ದಿನಾನೇ ಬೇಕು. ಟ್ರೇನಲ್ಲಿ ಅಮ್ಮ ನನ್ನ ಭುಜಕ್ಕೆ ಒರಗಿ ನಿದ್ದೆ ಮಾಡಿದ್ಲು.

ಮಾರನೇ ದಿನ ಬೆಳಿಗ್ಗೆ ನಾನು ಏಳೋಷ್ಟರಲ್ಲಿ ಕಿಟಕಿ ಪಕ್ಕ ಕೂತು ಚಿಕ್ಕಮ್ಮನ ಹತ್ರ ವೀಡಿಯೋ ಕಾಲಲ್ಲಿದ್ಲು. ಡ್ರ್ಯಾಗನ್ ಕೂಗೋದನ್ನ ಬಾಯಲ್ಲೇ ಮಾಡಿ ತೋರಿಸ್ತಿದ್ಲು, ಒಂದ್ಸಲ ಅಲ್ಲ, ಚಿಕ್ಕಮ್ಮ ನೆಟ್‌ವರ್ಕ್ ಸರಿ ಇಲ್ಲ ಇನ್ನೊಂದ್ಸಲ ಮಾಡು ಅಂದಾಗೆಲ್ಲ. ಆಮೇಲೆ ಕಂಬದ ವಿಷಯ ಬಂತು. "ಇಷ್ಟೆತ್ತರ ಇದ್ನಂತೆ ಕಣೇ" ಅಂತ ಎದ್ದು ನಿಂತು ಕೈ ಮೇಲೆತ್ತಿದ್ಲು, ಫೋನ್ ಕೆಳಗಿಟ್ಟಿದ್ರಿಂದ ಚಿಕ್ಕಮ್ಮನಿಗೆ ಕಂಡಿದ್ದು ಬರೀ ಸೀರೆ ನೆರಿಗೆ.